ಬಾಲವಿಲ್ಲದ ಕೋತಿ

ವಾಡಿಯಿಂದ ಸೇಡಮ್ಮಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಸೀಟು ಎಷ್ಟೇ ಖಾಲಿಯಿದ್ದರೂ ಲುಂಬಿನಿ ಟೀಚರ್ ಕೂರುತ್ತಿರಲಿಲ್ಲ. ಬಾಗಿಲ ಕಂಬಿ ಹಿಡಿದು ನಿಲ್ಲುವುದು, ಚಿತ್ತಾಪುರ ಬರುವಷ್ಟರಲ್ಲಿ ಹಿಂದಿನ ಡಬ್ಬಿಯಿಂದ ಮುಂದಿನ ಡಬ್ಬಿಗೆ ಹೋಗಿರುವುದು, ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಸುಮ್ಮನೆ ಇಳಿದು ಗಾಡಿ ಹೊರಟ ಮೇಲೆ ಹಾರಿ ಹತ್ತುವುದು. ತೊಗರಿ ಹೊಲಗಳು ಹಿಂದೆ ಸರಿಯುವುದನ್ನು ನೋಡುತ್ತಾ ನಿಂತರೆ ಮಾತ್ರ ಅವಳಿಗೆ ಉಸಿರು ಸಲೀಸಾಗಿ ಆಡುತ್ತಿತ್ತು.

ಮನೆಯಲ್ಲೂ ಅದೇ ಹಣೆಬರಹ. ಎಂ.ಎ. ಅರ್ಧಕ್ಕೆ ನಿಂತಿತ್ತು. ಹೊಲಿಗೆ ಮಷೀನಿನ ಮೇಲೆ ಈಗ ಇಸ್ತ್ರಿ ಬಟ್ಟೆ ಪೇರಿಸುತ್ತಿದ್ದರು. ಪಾಳಿ ಭಾಷೆ ಕಲಿಯುತ್ತೇನೆಂದು ಹಟ ಹಿಡಿದು ಒಂದು ಮಳೆಗಾಲವಿಡೀ ಕಲಬುರಗಿಗೆ ಹೋಗಿ ಬಂದಳು, ದೀಪಾವಳಿಗೆ ಬಿಟ್ಟಳು. ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದ ಗಂಡ ಅಜಯಕುಮಾರ ಜಗಳಕ್ಕಿಳಿಯುವವನಲ್ಲ. ಆದರೆ ಊಟದ ನಡುವೆ ಅವಳು ಮೂರನೆಯ ಸಲ ಎದ್ದಾಗ ತಡೆಯಲಾರದೆ ಹೇಳುತ್ತಿದ್ದ: "ಜರಾ ಕುಂದ್ರು ಮಾರಾಯ್ತಿ. ಅನ್ನಾ ಏನ್ ಓಡಿ ಹೋಗ್ತದೇನು?"

ಅವಳು ನಗುತ್ತಿದ್ದಳು. ಒಳಗೆ ಮಾತ್ರ ಹೆದರಿಕೆಯಿತ್ತು. ನಲವತ್ತು ಹತ್ತಿರ ಬಂತು, ಶುರು ಮಾಡಿದ್ದರಲ್ಲಿ ಒಂದನ್ನೂ ತುದಿ ಮುಟ್ಟಿಸಲಿಲ್ಲ ಎಂಬ ಹೆದರಿಕೆ.

ಸೇಡಮ್ಮಿನ ಶಾಲೆಯಲ್ಲಿ ಅವಳದು ಸಮಾಜ ವಿಜ್ಞಾನ. ಪುಲಕೇಶಿಯ ಕಾಲದಲ್ಲಿ ಚೀನಾದಿಂದ ಬಂದ ಭಿಕ್ಷುವಿನ ಪಾಠವನ್ನು ವರ್ಷ ವರ್ಷವೂ ಅವವೇ ವಾಕ್ಯಗಳಲ್ಲಿ ಮುಗಿಸುತ್ತಿದ್ದಳು. ಒಂದು ಜೂನಿನಲ್ಲಿ ಪಾಠ ಮುಗಿಸಿ ಡಸ್ಟರ್ ಕೆಳಗಿಟ್ಟವಳಿಗೆ, ಇವನೂ ನನ್ನ ಹಾಗೆ ಕಾಲು ನಿಲ್ಲದವನಿರಬೇಕು ಅನ್ನಿಸಿತು. ಇಲ್ಲದಿದ್ದರೆ ಮರುಭೂಮಿ ದಾಟಿ ಯಾರು ಬರುತ್ತಾರೆ?

ಆ ಶನಿವಾರವೇ ಕಲಬುರಗಿಯ ಗ್ರಂಥಾಲಯಕ್ಕೆ ಹೋದಳು. ಹುಡುಕಿದಂತೆ ಒಂದೊಂದೇ ತಿಳಿಯಿತು. ಭಿಕ್ಷು ತನ್ನ ದೊರೆಯ ಅಪ್ಪಣೆಯಿಲ್ಲದೆ ಗಡಿ ದಾಟಿದ್ದ. ಚೀನಾದಲ್ಲಿದ್ದ ಧರ್ಮಗ್ರಂಥಗಳು ಒಂದಕ್ಕೊಂದು ಹೊಂದುತ್ತಿಲ್ಲ, ಮೂಲವನ್ನೇ ನೋಡಬೇಕು ಎಂಬ ತಳಮಳ ಅವನಿಗೆ. ನಾಲಂದಾದಲ್ಲಿ ಕಲಿತು, ನಾಡೆಲ್ಲ ಸುತ್ತಿ, ಕುದುರೆಗಳ ಮೇಲೆ ಗ್ರಂಥ ಹೇರಿಕೊಂಡು ವಾಪಸಾದ. ಅವನು ಸತ್ತ ಮೇಲೂ ಜನ ಅವನನ್ನು ಬಿಡಲಿಲ್ಲ. ಸಂತೆಯಲ್ಲಿ ಕಥೆ ಹೇಳುವವರು ಒಂದಕ್ಕೊಂದು ಸೇರಿಸುತ್ತಾ ಹೋದರು. ಒಂಟಿಯಾಗಿ ನಡೆದವನ ಜೊತೆಗೆ ಒಂದು ಕೋತಿ ಬಂತು, ಹಂದಿ ಬಂತು, ಮರಳುನದಿಯ ರಾಕ್ಷಸ ಬಂದ, ಬಿಳಿ ಕುದುರೆ ಬಂತು. ಸುಮಾರು ಒಂಬೈನೂರು ವರ್ಷ ಹೀಗೆ ಬೆಳೆದು ಕೊನೆಗೆ ಅದೊಂದು ದೊಡ್ಡ ಕಾದಂಬರಿಯಾಯಿತು. ಆ ದೇಶದ ಮಕ್ಕಳಿಗೆಲ್ಲ ಅದು ಬಾಯಿಪಾಠ.

ಕಾದಂಬರಿಯ ಇಂಗ್ಲಿಷ್ ಅನುವಾದ ಸಿಕ್ಕಿತು. ಅದನ್ನು ಅವಳು ಗಾಡಿಯ ಬಾಗಿಲಲ್ಲೇ ನಿಂತು ಓದತೊಡಗಿದಳು. ಕಲ್ಲಿನಿಂದ ಹುಟ್ಟಿದ ಆ ಕೋತಿಗೆ ಎಲ್ಲಿಯೂ ನೆಲೆಯಿಲ್ಲ. ಒಂದು ಜಿಗಿತಕ್ಕೆ ಸಾವಿರಾರು ಹರದಾರಿ ದಾಟುತ್ತದೆ, ಸ್ವರ್ಗವನ್ನೇ ಕೇಳುತ್ತದೆ. ಬುದ್ಧರು ನನ್ನ ಅಂಗೈ ದಾಟು ನೋಡೋಣ ಎನ್ನುತ್ತಾರೆ. ಕೋತಿ ಜಗತ್ತಿನ ಕಡೆಯ ಕಂಬಗಳವರೆಗೆ ಹಾರಿ ಗುರುತು ಮಾಡಿ ಬಂದರೆ, ಆ ಕಂಬಗಳು ಬುದ್ಧರ ಬೆರಳುಗಳೇ ಆಗಿರುತ್ತವೆ. ಅಷ್ಟನ್ನು ಓದುವಾಗ ಲುಂಬಿನಿ ತನಗೇ ಅರಿವಿಲ್ಲದೆ ಸೀಟಿನಲ್ಲಿ ಕೂತಿದ್ದಳು. ತಲೆ ಎತ್ತಿದಾಗ ಸೇಡಂ ದಾಟಿಹೋಗಿತ್ತು, ಬೋರ್ಡು ತೆಲುಗಿನಲ್ಲಿತ್ತು. ತಾಂಡೂರಿನ ಪ್ಲಾಟ್‌ಫಾರ್ಮಿನಿಂದ ಹೆಡ್‌ಮಾಸ್ಟರರಿಗೆ ಫೋನು ಮಾಡಿ, ಹೊಟ್ಟೆನೋವೆಂದು ಸುಳ್ಳು ಹೇಳಿ, ಮುಂದಿನ ಗಾಡಿ ಬರುವವರೆಗೆ ಅದೇ ಪುಟವನ್ನು ಮತ್ತೆ ಓದಿದಳು.

ಪಂಡಿತರು ಆ ಕಥೆಯನ್ನು ಓದಿದ ರೀತಿಯೂ ಅವಳಿಗೆ ಹಿಡಿಸಿತು. ಯಾತ್ರೆಗೆ ಹೊರಟವರೆಲ್ಲ ಸೇರಿ ಒಬ್ಬನೇ ಮನುಷ್ಯನಂತೆ. ಹಂದಿ ಅವನ ಆಸೆ, ಕುದುರೆ ಅವನ ಸಂಕಲ್ಪ, ಕೋತಿ ಅವನ ಮನಸ್ಸು. ಕೋತಿಯ ತಲೆಗೆ ತೊಡಿಸಿದ ಬಳೆ, ಮನಸ್ಸು ಅಡ್ಡ ಹೋದಾಗ ಬಿಗಿಯುವ ಎಚ್ಚರ. ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಜಿಗಿಯುವ ಕೋತಿಗೆ ಬುದ್ಧರೇ ಹೋಲಿಸಿದ್ದರಲ್ಲ, ಅದನ್ನು ಅವಳು ಬಿಟ್ಟುಬಂದ ಪಾಳಿ ತರಗತಿಯಲ್ಲೇ ಕೇಳಿದ್ದಳು.

ಬುದ್ಧ ಪೂರ್ಣಿಮೆಗೆ ಶಹಾಬಾದಿನ ವಿಹಾರದಲ್ಲಿ ಇದನ್ನೇ ನಾಟಕವಾಗಿ ಆಡಿಸಬೇಕೆಂದು ತೀರ್ಮಾನಿಸಿದಳು. ಅದು ಅವಳ ತವರೂರು. ತಂದೆ ಚಂದ್ರಾಮ ಕಲ್ಲಿನ ಗಣಿಯಲ್ಲಿ ದುಡಿದು ನಿವೃತ್ತನಾದವನು, ಈಗ ವಿಹಾರ ಸಮಿತಿಯ ಅಧ್ಯಕ್ಷ. ಮಹಿಳಾ ಸಂಘದವರು ಹುರುಪಿನಿಂದ ಒಪ್ಪಿದರು. ತಾಯಿ ಅನಸುಬಾಯಿಗೆ ಭಿಕ್ಷುವಿನ ಪಾತ್ರ. ನಿಧಾನ ನಡೆಯುವವಳು, ಮಾತು ಕಡಿಮೆ. ಅಂಗನವಾಡಿಯ ಹೀರಾಬಾಯಿ ಕೋತಿಯಾಗಲು ತಾನೇ ಮುಂದೆ ಬಂದಳು.

ಶಾಲೆಯಲ್ಲಿ ಸುದ್ದಿ ಹೇಳಿದಾಗ ಕನ್ನಡ ಕಲಿಸುವ ಪ್ರಾಣೇಶ ಸರ್ ಚಹಾದ ಕಪ್ಪು ಕೆಳಗಿಟ್ಟರು. ಶ್ರದ್ಧೆಯ ವೈಷ್ಣವರು, ಶನಿವಾರ ಒಪ್ಪತ್ತು. "ಅಲ್ರೀ ಬಾಯಾರ, ಅವ ನಮ್ಮ ಹನುಮಪ್ಪನ ಅಲ್ಲೇನು? ಸಮುದ್ರ ಹಾರಿದವಗ ಚೀನಾ ಏನ್ ದೂರ್ರಿ?"

"ಹಂಗ ಅನ್ನೋರೂ ಅದಾರ ಸರ್. ವ್ಯಾಪಾರಿಗಳ ಜೋಡಿ ಕಥಿ ಹೋಗಿರಬೇಕು ಅಂತಾರ. ಇಲ್ಲ, ಅದು ಅಲ್ಲೇ ಹುಟ್ಟಿದ್ದು ಅನ್ನೋರೂ ಅದಾರ. ಇನ್ನೂ ತೀರ್ಮಾನ ಆಗಿಲ್ಲ."

"ತೀರ್ಮಾನ ಏನ್ ಬಂತು. ನಾ ನೋಡಾಕ ಬರ್ತೀನಿ ತಗೋರಿ," ಎಂದು ಅವರು ಸಂತೋಷದಿಂದಲೇ ಹೇಳಿದರು.

ಅದೇ ಸಂತೋಷ ಮುಳುವಾಯಿತು. ವಿಹಾರದಲ್ಲಿ ಹನುಮಂತನ ನಾಟಕವಂತೆ ಎಂಬ ಮಾತು ಸೇಡಮ್ಮಿನಿಂದ ಶಹಾಬಾದಿಗೆ ಗಾಡಿಗಿಂತ ಮೊದಲೇ ಮುಟ್ಟಿತು. ಲುಂಬಿನಿ ಭಾನುವಾರ ತಾಲೀಮಿಗೆ ಹೋದಾಗ ಚಂದ್ರಾಮ ವಿಹಾರದ ಬಾಗಿಲಲ್ಲೇ ನಿಂತಿದ್ದ.

"ಏನ್ ನಡಸೀದವ್ವಾ ಇಲ್ಲಿ?"

"ನಾಟಕ ಅಪ್ಪಾ. ಚೀನಾದ್ದು. ಬುದ್ಧರದು."

"ಬುದ್ಧರ ಮುಂದ ಮಂಗ್ಯಾನ್ನ ಕುಣಸಾಕತ್ತೀರಿ ಅಂತ ಕೇಳೀನಿ. ಬ್ಯಾಡ."

"ಅದು ಹನುಮಪ್ಪ ಅಲ್ಲಪ್ಪಾ..."

"ಬ್ಯಾಡ ಅಂದ್ರ ಬ್ಯಾಡ."

ಹೀರಾಬಾಯಿ ಅಲ್ಲಿಯೇ ಸೊಂಟಕ್ಕೆ ಕಟ್ಟಿದ್ದ ಹಗ್ಗದ ಬಾಲ ಬಿಚ್ಚಿದಳು. "ನಿಮ್ಮಪ್ಪನ ಮಾತು ಮೀರಿ ನಾ ಮಾಡಂಗಿಲ್ಲ," ಎಂದು ಅದನ್ನು ಲುಂಬಿನಿಯ ಕೈಗಿಟ್ಟು ಹೋದಳು.

ಆ ವಾರ ಲುಂಬಿನಿಗೆ ಎಲ್ಲಿಯೂ ಕಾಲು ನಿಲ್ಲಲಿಲ್ಲ. ಶಾಲೆ ಬಿಟ್ಟ ಮೇಲೆ ಚಿಂಚೋಳಿ ಬಸ್ಸು ಹತ್ತಿ, ಮೊದಲ ನೌಕರಿಯ ಊರಿನಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬಂದಳು. ಬಿಟ್ಟುಬಿಡೋಣ ಅನ್ನಿಸುತ್ತಿತ್ತು. ಬಿಡುವುದು ಅವಳಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಆದರೆ ಈ ಸಲ ಬಿಟ್ಟರೆ ಆ ಕೋತಿ ತನ್ನ ಎದೆಯಲ್ಲೇ ಕೂತು ಕೆರೆಯುತ್ತದೆ ಎಂದೂ ಗೊತ್ತಿತ್ತು.

ತಾಯಿಯೇ ಫೋನು ಮಾಡಿದಳು. "ನಿಮ್ಮಪ್ಪನ ಮ್ಯಾಲ ಸಿಟ್ಟ ಮಾಡ್ಕೋಬ್ಯಾಡ. ಅಂವ ಸಣ್ಣಾಂವ ಇದ್ದಾಗ ಹಳ್ಳ್ಯಾಗ ಹಣಮಪ್ಪನ ಗುಡಿ ಕಟ್ಟಿ ಮ್ಯಾಲ ನೆಳ್ಳಿಗಿ ಕುಂತಿದ್ನಂತ. ಅಷ್ಟಕ್ಕ ಅವನಪ್ಪಗ ಊರ ಮುಂದ ನಿಂದರಿಸಿ ಹೊಡದ್ರಂತ. ಹೊಡಿಸ್ಕೊಂಡಾಂವ ಮನಿಗಿ ಬಂದು ಮಗಗ ಒಂದ ಮಾತೂ ಬೈಲಿಲ್ಲ. ಬೈದಿದ್ರ ಛಲೋ ಇತ್ತು ಅಂತ ನಿಮ್ಮಪ್ಪ ಇವತ್ತಿಗೂ ಅಂತಾನ."

ಲುಂಬಿನಿಗೆ ಇದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಫೋನು ಹಿಡಿದು ಅಂಗಳದಲ್ಲಿ ಅಡ್ಡಾಡುತ್ತಲೇ ಇದ್ದಳು, ತಾಯಿ ಇಟ್ಟ ಮೇಲೂ.

ಮುಂದಿನ ಭಾನುವಾರ ಅವಳು ತಂದೆಯನ್ನು ಹಳೆಯ ಬೌದ್ಧ ಸ್ತೂಪವಿರುವ ಸನ್ನತಿಗೆ ಕರೆದಳು. ನಾಟಕದ ಮಾತು ಎತ್ತಲಿಲ್ಲ. ಅಜಯಕುಮಾರ ಗೆಳೆಯನ ಕಾರು ತಂದ. ನಾಲವಾರ ದಾಟಿ, ಭೀಮೆಯ ಕಡೆಗೆ ಇಳಿದು, ಸ್ತೂಪದ ಬೇಲಿಯ ಹತ್ತಿರ ನಿಂತರು. ಚಂದ್ರಾಮ ಹಿಂದೆಯೂ ಬಂದಿದ್ದ, ಆದರೆ ಪ್ರತಿ ಸಲ ಮೆರವಣಿಗೆಯ ಜೊತೆ, ಧ್ವಜ ಹಿಡಿದು. ಹೀಗೆ ಒಂದೊಂದೇ ಕಲ್ಲಿನ ಮುಂದೆ ನಿಂತು ನೋಡಿರಲಿಲ್ಲ.

ಒಂದು ಕೆತ್ತನೆಯ ಫಲಕದ ಮುಂದೆ ಅವನು ತಡೆದು ನಿಂತ. ಜನ ಕೈಮುಗಿದಿದ್ದಾರೆ, ನಡುವೆ ಪೀಠವಿದೆ, ಪೀಠದ ಮೇಲೆ ಯಾರೂ ಇಲ್ಲ.

"ಬುದ್ಧರು ಎಲ್ಲ್ಯವ್ವಾ? ಒಡದು ಹೋಗ್ಯಾರೇನು?"

"ಒಡದಿಲ್ಲಪ್ಪಾ. ಆವಾಗಿನ ಮಂದಿ ಬುದ್ಧರ ಮೂರ್ತಿ ಮಾಡ್ತಿದ್ದಿಲ್ಲ. ಖಾಲಿ ಪೀಠ, ಇಲ್ಲಾ ಹೆಜ್ಜಿ, ಇಲ್ಲಾ ಚಕ್ರ. ಅಷ್ಟ ನೋಡಿ ತಿಳ್ಕೋತಿದ್ರು."

ಅವನು ಬಹಳ ಹೊತ್ತು ನೋಡಿದ. ಆಮೇಲೆ ಬೇವಿನ ನೆರಳಲ್ಲಿ ಕೂತು ತಾನೇ ಕೇಳಿದ: "ನಿನ್ನ ಆ ಚೀನಾದ ಭಿಕ್ಷು ಇಲ್ಲಿಗಿ ಬಂದಿದ್ನೇನು?"

ಬಂದಿದ್ದ ಎಂದರೆ ಅಪ್ಪ ಒಪ್ಪಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದೇ ಬಂತು.

"ಗೊತ್ತಿಲ್ಲಪ್ಪಾ," ಎಂದಳು. "ಈ ಸೀಮಿಗಿ ಬಂದಿದ್ದ. ಇದೇ ಜಾಗಕ್ಕ ಬಂದಿದ್ದಕ್ಕ ಸಾಕ್ಷಿ ಇಲ್ಲ."

"ಮತ್ತ ಅವನ ಜೋಡಿ ಮಂಗ್ಯಾ?"

"ಖರೇ ಭಿಕ್ಷುನ ಜೋಡಿ ಯಾವ ಮಂಗ್ಯಾನೂ ಇದ್ದಿಲ್ಲ. ಅದು ಕಥಿ ಹೇಳೋರು ಇಟ್ಟದ್ದು. ಆ ಮಂಗ್ಯಾ ದೇವರಲ್ಲ, ದೇವರ ಬಂಟನೂ ಅಲ್ಲ. ಮನಸ್ಸು. ನನ್ನ ಮನಸ್ಸು ಅನ್ನು ಬೇಕಾದ್ರ. ಎಲ್ಲೂ ಕುಂದ್ರವಲ್ದು ನೋಡು, ಅದ."

ಚಂದ್ರಾಮ ಮಗಳನ್ನು ನೋಡಿದ. ಅವಳು ಮಾತಾಡುತ್ತಲೇ ಎದ್ದು ನಿಂತಿದ್ದಳು.

"ಮನಸ್ಸಂತಿ," ಎಂದ. "ಮನಸ್ಸಿಗಿ ಬಾಲ ಎಲ್ಲಿರ್ತದವ್ವಾ?"

ಅವನು ಖಾಲಿ ಪೀಠದ ಕಡೆಗೆ ಕೈ ತೋರಿಸಿದ.

"ಬಾಲ ತಗಿ. ಮಾರಿಗಿ ಬಣ್ಣ ಬ್ಯಾಡ, ಕೈಯಾಗ ಗದಾ ಬ್ಯಾಡ. ಇಲ್ಲಿ ಮಂದಿ ಬುದ್ಧರನ್ನೇ ಖಾಲಿ ಪೀಠದಾಗ ನೋಡ್ಯಾರಂದ್ರ, ನಮ್ಮ ಮಂದಿಗಿ ಒಂದ್ ಮಂಗ್ಯಾ ತಿಳಿಯಂಗಿಲ್ಲೇನು? ಬುದ್ಧರ ವೇಷಾನೂ ಯಾರೂ ಹಾಕಬ್ಯಾಡ್ರಿ. ಖುರ್ಚಿ ಇಡ್ರಿ."

"ಬುದ್ಧರ ಮಾತು ಯಾರು ಆಡಬೇಕಪ್ಪಾ ಮತ್ತ?"

ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಬೇಕಾದ್ರ ನಾ ಮಂದ್ಯಾಗ ಕುಂತು ಆಡ್ತೀನಿ."

ಹೀರಾಬಾಯಿಯನ್ನು ಮತ್ತೆ ಕರೆದರೆ ಅವಳು ಒಲ್ಲೆನೆಂದು ಕೈ ಆಡಿಸಿಬಿಟ್ಟಳು. ಬಾಲವಿಲ್ಲ, ಬಣ್ಣವಿಲ್ಲ, ಇನ್ನೇನು ಕೋತಿ! ತಾನು ಹಂದಿಯಾಗುತ್ತೇನೆ, ಅದರಲ್ಲಾದರೂ ತಿನ್ನುವುದಿದೆ ಎಂದಳು. ಹೀಗಾಗಿ ಕೋತಿಯ ಪಾತ್ರ ಲುಂಬಿನಿಗೇ ಬಂತು. ಬಿಳಿ ಚೂಡಿದಾರ, ಹಣೆಯ ಸುತ್ತ ಅಜಯಕುಮಾರ ಬಾಗಿಸಿಕೊಟ್ಟ ತಂತಿಯ ಬಳೆ.

ಪೂರ್ಣಿಮೆಯ ಸಂಜೆ ವಿಹಾರದ ಅಂಗಳ ತುಂಬಿತ್ತು. ಪ್ರಾಣೇಶ ಸರ್ ಹೆಂಡತಿ ಶುಭಾ ಅವರನ್ನು ಕರೆದುಕೊಂಡು ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದರು. ಚಂದ್ರಾಮನೇ ಎದ್ದು ಹೋಗಿ, "ಬರ್ರಿ ಸರ್, ಇಲ್ಲಿ ಕುಂದ್ರಿ," ಎಂದು ತನ್ನ ಪಕ್ಕದ ಚಾಪೆ ತೋರಿಸಿದ.

ಆಟ ಶುರುವಾಯಿತು. ಅನಸುಬಾಯಿ ಬಿಳಿ ಸೀರೆಯುಟ್ಟು ಕೋಲೂರಿ ನಡೆದಳು, ಹೀರಾಬಾಯಿ ಬಾಳೆಹಣ್ಣು ಕದ್ದು ತಿಂದು ಜನರನ್ನು ನಗಿಸಿದಳು. ಲುಂಬಿನಿಯದು ಬರೀ ಓಟ. ಖಾಲಿ ಖುರ್ಚಿಯ ಮುಂದೆ ಪಂತ ಕಟ್ಟಿ ಅವಳು ಜನರ ನಡುವೆ ನುಗ್ಗಿದಳು. ತಾಲೀಮಿನಲ್ಲಿ ಅಂಗಳಕ್ಕೆ ಒಂದು ಸುತ್ತು ಎಂದಿತ್ತು. ಆದರೆ ಕಾಲು ಗೇಟಿನ ಹೊರಗೆ ಎಳೆದವು. ಬೀದಿಯಲ್ಲಿ ಕಲ್ಲು ಹೇರಿದ ಲಾರಿಯ ಪಕ್ಕ, ಪಾನ್ ಡಬ್ಬಿಯ ಮುಂದೆ ಓಡಿದಳು. ನಾಯಿ ಬೊಗಳಿದವು, ಅಂಗಳದಲ್ಲಿ ಜನ ಎದ್ದು ಇಣುಕಿದರು. ಹಿಂದಿನ ಬಾಗಿಲಿಂದ ಏದುಸಿರು ಬಿಡುತ್ತಾ ಬಂದು ಖುರ್ಚಿಯ ಮುಂದೆ ನಿಂತಳು.

"ನಾನು ಆಕಾಶದ ತುದಿ ಮುಟ್ಟಿ ಬಂದೆ! ಕೊಡು ನನಗೆ ಸ್ವರ್ಗ!"

ಈಗ ಬುದ್ಧರ ಮಾತು ಬರಬೇಕು. ಬರಲಿಲ್ಲ. ಚಂದ್ರಾಮ ಮಾತು ಮರೆತಿರಬೇಕು. ಲುಂಬಿನಿ ಕಾದಳು. ಅಲ್ಲಿಂದ ಕದಲುವಂತಿರಲಿಲ್ಲ, ಕದಲಿದರೆ ಆಟ ಕೆಡುತ್ತಿತ್ತು. ಎದುರಿಗೆ ಬರಿಯ ಖುರ್ಚಿ. ಕಿವಿಯಲ್ಲಿ ಅವಳದೇ ರಕ್ತ ಬಡಿಯುತ್ತಿತ್ತು, ನಿಧಾನಕ್ಕೆ ಅದೂ ಇಳಿಯಿತು. ಬೆನ್ನ ಬೆವರಿಗೆ ಗಾಳಿ ತಾಗಿದ್ದು ತಿಳಿಯಿತು. ಇಷ್ಟು ಹೊತ್ತು ಒಂದೇ ಕಡೆ ಎಂದಾದರೂ ನಿಂತಿದ್ದೆನೇ ಎಂದು ಅವಳಿಗೆ ನೆನಪಾಗಲಿಲ್ಲ.

ಆಗ ಜನರ ನಡುವಿನಿಂದ ತಂದೆಯ ದನಿ ಬಂತು. ಅವಳು ಬರೆದುಕೊಟ್ಟ ಮಾತಲ್ಲ ಅದು.

"ಕುಂದ್ರವ್ವಾ. ಭಾಳ ಓಡಿದಿ."

ಲುಂಬಿನಿ ಕೂತಳು. ನೆಲದ ಮೇಲೆ, ಇದ್ದಲ್ಲಿಯೇ. ಅಳು ಬಂದದ್ದನ್ನು ಜನ ಪಾತ್ರದ ಅಳು ಎಂದುಕೊಂಡು ಚಪ್ಪಾಳೆ ಹೊಡೆದರು. ಅನಸುಬಾಯಿಗೆ ಮಾತ್ರ ಗೊತ್ತಾಯಿತು. ಭಿಕ್ಷು ಮತ್ತೆ ಬರುವ ದೃಶ್ಯಕ್ಕೆ ಇನ್ನೂ ಹೊತ್ತಿದ್ದರೂ ಅವಳು ಕೋಲೂರಿ ಬಂದು ಮಗಳ ಪಕ್ಕ ನಿಂತಳು. ಅಲ್ಲಿಂದ ಮುಂದೆ ಆಟ ಹೇಗೋ ಸಾಗಿ ಮುಗಿಯಿತು. ಹೊರಡುವಾಗ ಪ್ರಾಣೇಶ ಸರ್, "ಆದರೂ ಅವ ಹನುಮಪ್ಪನೇ," ಎಂದು ಹೆಂಡತಿಯ ಕಿವಿಯಲ್ಲಿ ಅಂದದ್ದು ಚಂದ್ರಾಮನಿಗೂ ಕೇಳಿಸಿತು. ಅವನು ಅವರ ಕೈಗೆ ಖೀರಿನ ಲೋಟ ಕೊಟ್ಟ.

ಲುಂಬಿನಿ ಬದಲಾದಳು ಎಂದೇನೂ ಅಲ್ಲ. ಊಟದ ನಡುವೆ ಈಗಲೂ ಏಳುತ್ತಾಳೆ. ಪಾಳಿ ತರಗತಿಗೆ ಮತ್ತೆ ಹೆಸರು ಹಚ್ಚಿದ್ದಾಳೆ, ಈ ಸಲ ದೀಪಾವಳಿ ದಾಟಿದೆ. ಚಿಂಚೋಳಿಯವರು ನಾಟಕಕ್ಕೆ ಕರೆದಿದ್ದಾರೆ.

ತಳಮಳ ಈಗ ಚಂದ್ರಾಮನಿಗೆ ಹತ್ತಿದೆ. ಬೆಳಗಾದರೆ ಫೋನು ಮಾಡುತ್ತಾನೆ. "ಆ ಖರೇ ಭಿಕ್ಷು ವಾಪಸ್ ಹೋಗೋವಾಗ ಸಿಂಧೂ ನದ್ಯಾಗ ಗ್ರಂಥ ಕೊಚ್ಚಿ ಹೋದ್ವು ಅಂದಿ. ಯಾವ ಗ್ರಂಥವ್ವಾ ಅವು? ಮತ್ತ ಸಿಕ್ಕಾವೇನು?"

"ಹೋದದ್ದನ್ನ ಮತ್ತ ಬರಸಾಕ ಮಂದೀನ ಕಳಿಸಿದ್ನಂತಪ್ಪಾ. ಎಷ್ಟು ಸಿಕ್ಕಾವೋ ನನಗೂ ಗೊತ್ತಿಲ್ಲ."

"ನೋಡಿ ಹೇಳು ಮತ್ತ. ಜಲ್ದಿ ಹೇಳು," ಎನ್ನುತ್ತಾನೆ ಅವನು, ಮಗಳ ಕಡೆಯಿಂದ ಕೇಳುವ ಗಾಡಿಯ ಸದ್ದಿಗೆ ದನಿ ಏರಿಸಿ.