ಅಮ್ಮನ ಕೊಳವೆಗೆ ತುಂಬಿದ ಎರಡು ಔಷಧಿಗಳು

ಫೆಬ್ರುವರಿ ೨೧, ಶುಕ್ರವಾರ, ಬೆಳಿಗ್ಗೆ ಆರೂ ಹತ್ತು. ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಆಸ್ಪತ್ರೆಯಲ್ಲಿ ಅಮ್ಮನ ಡಯಾಲಿಸಿಸ್ ಶುರುವಾಗಬೇಕಿತ್ತು. ಆಗಲಿಲ್ಲ. ಅವಳ ಎದೆಯ ಮೇಲ್ಭಾಗದಿಂದ ಹೊರಬಂದಿರುವ ಕೊಳವೆಗೆ ಟೆಕ್ನಿಷಿಯನ್ ಸಿರಿಂಜ್ ಹಚ್ಚಿ ಎಳೆದ. ರಕ್ತ ಬರಲಿಲ್ಲ.

"ಜಾಮ್ ಅಯಿಂದಮ್ಮಾ," ಎಂದ. ಮತ್ತೆ ಕಟ್ಟಿಕೊಂಡಿತ್ತು.

ಡಯಾಲಿಸಿಸ್‌ಗೆಂದು ಅಮ್ಮನ ಕೈಗಳಲ್ಲಿ ಜೋಡಿಸಿದ್ದ ರಕ್ತನಾಳಗಳು ಎರಡೂ ಕಡೆ ಕೆಟ್ಟಿವೆ. ಇದು ಮೂರನೆಯ ಕೊಳವೆ. ಇದೂ ಹೋದರೆ ಇನ್ನೊಂದಕ್ಕೆ ಜಾಗ ಸಿಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ.

ಪ್ರತಿ ಸಲ ಡಯಾಲಿಸಿಸ್ ಮುಗಿದ ಮೇಲೆ ಕೊಳವೆಯೊಳಗೆ ಸ್ವಲ್ಪ ಔಷಧಿ ತುಂಬಿ ಮುಚ್ಚಳ ಬಿಗಿಯುತ್ತಾರೆ. ಮುಂದಿನ ಸಲದವರೆಗೆ ರಕ್ತ ಹೆಪ್ಪುಗಟ್ಟದಂತೆ ಅದು ಕಾಯಬೇಕು. ವಿಶಾಖಪಟ್ಟಣದಲ್ಲಿ ಹೆಪಾರಿನ್ ತುಂಬುತ್ತಿದ್ದರು. ಕೊಳವೆ ಕಟ್ಟಲಿಲ್ಲ, ಆದರೆ ಚಳಿಜ್ವರ ಬಿಡಲಿಲ್ಲ. ಸೋಂಕಿನಿಂದ ಎರಡು ಕೊಳವೆ ತೆಗೆಸಿದೆವು. ಆಫೀಸಿನವರು ನನ್ನನ್ನು ಇಲ್ಲಿಗೆ ಹಾಕಿದ ಮೇಲೆ ಟಾರೊಲಿಡಿನ್ ಮತ್ತು ಸಿಟ್ರೇಟ್ ಬೆರೆತ ದ್ರವ ಶುರುವಾಯಿತು. ಅದು ಕ್ರಿಮಿಗಳನ್ನೂ ತಡೆಯುತ್ತದೆ ಎಂದರು. ಜ್ವರ ನಿಂತಿತು. ಕೊಳವೆ ಕಟ್ಟತೊಡಗಿತು.

ಔಷಧಿ ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ಆ ಅಭ್ಯಾಸದಿಂದ ಅಮ್ಮನಿಗೂ ಡೈರಿಯಲ್ಲಿ ಊರಿಗೊಂದು ಕಾಲಂ ಮಾಡಿ, ಜ್ವರಕ್ಕೊಂದು ಗೀಟು, ಕಟ್ಟಿದ್ದಕ್ಕೊಂದು ಗೀಟು ಎಳೆಯುತ್ತ ಬಂದಿದ್ದೆ. ಜ್ವರ ನಿಲ್ಲಿಸಿದ್ದು ಹೊಸ ದ್ರವವೇ ಎಂದು ನಂಬಿದ್ದೆ.

ಗಡ್ಡೆ ಕರಗಿಸುವ ಔಷಧಿ ಹಾಕಿ ಕಾಯುತ್ತಿದ್ದಾಗ ಅಮ್ಮ ತಲೆ ಕೆರೆದುಕೊಂಡಳು.

"ಈ ಒನ್ ಟೌನ್ ಮನೇಲಿ ತಲೆಗೆ ಹುಯ್ಕೊಳ್ಳೋಕೂ ನೀರಿಲ್ಲ. ವಿಶಾಖಪಟ್ಟಣದ ಪೆಂಡುರ್ತೀಲಿ ಶುಕ್ರವಾರದ ತಲೆಸ್ನಾನ ತಪ್ಪಿಸ್ತಾನೇ ಇರ್ಲಿಲ್ಲ."

"ಅಮ್ಮಾ, ಕೊಳವೆ ನೆನೆಸಬಾರದು ಅಂತ ಹೇಳಿದ್ರಲ್ಲ?"

"ನೆನೆಸಕ್ಕೆ ನಾನೇನು ಪೆದ್ದಿಯೇನೇ? ಹಾಲಿನ ಪ್ಯಾಕೆಟ್ ಕತ್ತರಿಸಿ, ತೊಳೆದು, ಮೇಲೆ ಅಂಟಿಸ್ಕೋತಿದ್ದೆ. ನೀನು ಆಫೀಸಿಗೆ ಹೋದ್ಮೇಲೆ. ತಲೆಗೆ ಹುಯ್ಕೊಳ್ದೆ ದೀಪ ಹಚ್ಚಕ್ಕಾಗತ್ತಾ?"

"ಒಳಗೆ ನೀರು ಹೋಗ್ತಿರ್ಲಿಲ್ವಾ?"

"ಒಂಚೂರು ಬೆವತ ಹಾಗಿರ್ತಿತ್ತು. ಒರೆಸಿಬಿಡ್ತಿದ್ದೆ."

ಜ್ವರ ತಂದದ್ದು ಪ್ಯಾಕೆಟ್ಟಿನ ಕೆಳಗೆ ನಿಂತ ನೀರೋ, ಕ್ರಿಮಿ ತಡೆಯದ ಹೆಪಾರಿನ್ನೋ? ಜ್ವರ ನಿಂತದ್ದು ಹೊಸ ದ್ರವದಿಂದಲೋ, ಇಲ್ಲಿ ನೀರಿಲ್ಲದ್ದರಿಂದಲೋ? ನನ್ನ ಗೀಟುಗಳಿಂದ ಇನ್ನು ಏನೂ ತಿಳಿಯುವುದಿಲ್ಲ.

ಹತ್ತು ಗಂಟೆಗೆ ರಕ್ತ ಸಣ್ಣಗೆ ಬಂತು. ಡಾಕ್ಟರಿಗೆ ಸ್ನಾನದ ವಿಷಯ ಹೇಳಿದೆ. ಅವರು, "ಹಾಗಾದರೆ ನನಗೂ ಖಚಿತವಿಲ್ಲ. ಹೆಪಾರಿನ್‌ಗೆ ಮರಳಬಹುದು, ಆದರೆ ಇನ್ನೊಂದು ಸೋಂಕನ್ನು ನಿಮ್ಮ ತಾಯಿ ತಾಳಿಕೊಳ್ಳಲಾರರು. ಯೋಚಿಸಿ ಹೇಳಿ," ಎಂದರು.

ಡಯಾಲಿಸಿಸ್ ಮುಗಿದು ಮುಚ್ಚಳ ಬಿಗಿಯುವ ಹೊತ್ತಿಗೆ ಹೆಪಾರಿನ್ ಎಂದೆ. ಕಟ್ಟಿದರೆ ಡಯಾಲಿಸಿಸ್ಸೇ ಇಲ್ಲ ಎಂಬುದೊಂದೇ ಕಾರಣ. ಆಟೋದಲ್ಲಿ ಅಮ್ಮ, "ಇವತ್ತು ಶುಕ್ರವಾರ ಅಲ್ವೇನೇ?" ಎಂದಳು.

ಎರಡೂ ದ್ರವಗಳನ್ನು ಒಂದೇ ಕೊಳವೆಯಲ್ಲಿ ನೋಡಿದವರು, ಅಥವಾ ಹೀಗೆ ಹಿಂದಕ್ಕೆ ಮರಳಿದ ಮೇಲೂ ಜ್ವರವಿಲ್ಲದೆ ಉಳಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಮ್ಮ ಮುಂದಿನ ಡಯಾಲಿಸಿಸ್ ಸೋಮವಾರ.