ಚಿಮ್ನಿಯ ಬಾಯಿಗೆ ಬೋರಲಾದ ಗಡಿಗೆ

ಅರಕೇರಾ ಸಮೀಪದ ಆ ಹಳ್ಳಿಯಲ್ಲಿ ಬಾಣಂತಿ ಮಲ್ಲಮ್ಮನನ್ನು ಕೊಂದವಳು ಅವಳ ಅತ್ತೆ ಹನುಮವ್ವ ಎಂಬ ಮಾತು ದೇವದುರ್ಗದ ಕಡೆ ಬಹಳ ದಿನ ಓಡಾಡಿತು. ಹೊಸ ಒಲೆಯ ಚಿಮ್ನಿ ಮುಚ್ಚಿದವಳು ಅವಳೇ, ನಿಜ, ಅವಳೂ ಅಲ್ಲಗಳೆಯಲಿಲ್ಲ. ಆದರೆ ಮುಚ್ಚಿದ ಕೈ ಯಾರದೆಂದು ತಿಳಿದ ಮಾತ್ರಕ್ಕೆ ಸಾವಿನ ಕಾರಣ ತಿಳಿದಂತಾಯಿತೇ?

ಅದು ೧೯೮೫. ರಾಯಚೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದ ಹುಮ್ಮಸ್ಸಿನಲ್ಲೇ ನಾನು ಸರ್ಕಾರದ ಹೊಗೆರಹಿತ ಒಲೆಗಳ ಮೇಲ್ವಿಚಾರಕನಾಗಿ ದೇವದುರ್ಗ ತಾಲೂಕಿಗೆ ಬಂದಿದ್ದೆ. ಮಣ್ಣಿನ ಒಲೆ ಕಟ್ಟಿಸಿ, ಹಿಂಬದಿಯಿಂದ ಸಿಮೆಂಟಿನ ಕೊಳವೆಯನ್ನು ಮಾಳಿಗೆಯ ಮೇಲೆ ಮೂರು ಅಡಿ ಎತ್ತರಕ್ಕೆ ಒಯ್ಯಬೇಕು. ತುದಿಗೆ ತಗಡಿನ ಟೊಪ್ಪಿಗೆ: ಮಳೆ ಒಳಗೆ ಇಳಿಯಬಾರದು, ಹೊಗೆ ಪಕ್ಕದಿಂದ ಹೋಗಬೇಕು.

ನಮ್ಮ ಕಡೆಯ ಮಣ್ಣಿನ ಮಾಳಿಗೆಗಳಲ್ಲಿ ಅಡುಗೆ ಕೋಣೆಯ ಮೇಲೊಂದು ಬೆಳಕಿಂಡಿ ಇರುತ್ತದೆ. ಮಳೆ ಹನಿದರೆ ಹೆಂಗಸರು ಓಡಿಹೋಗಿ ಅದರ ಮೇಲೆ ಗಡಿಗೆ ಬೋರಲು ಹಾಕುತ್ತಾರೆ. ಹೊಸ ತೂತು ಕೊರೆದರೆ ಮಾಳಿಗೆ ಸೋರುತ್ತದೆಂದು, ಹನುಮವ್ವನ ಮನೆಯಲ್ಲಿ ಮೇಸ್ತ್ರಿ ಖಾಸಿಂಸಾಬ್ ಕೊಳವೆಯನ್ನು ಬೆಳಕಿಂಡಿಯಿಂದಲೇ ಹಾಯಿಸಿ ಸುತ್ತ ಮಣ್ಣು ಮೆತ್ತಿದ. ಒಪ್ಪಿದವನು ನಾನು. ಕೊಳವೆಯ ಮೇಲಿನ ತುಂಡೂ ಟೊಪ್ಪಿಗೆಯೂ ಇನ್ನೂ ಬಂದಿರಲಿಲ್ಲ.

"ಮ್ಯಾಲ ಹತ್ತಿ ನೋಡ್ರಿ ಸಾಬ್. ಪೈಪು ಗೇಣುದ್ದ ಸುದ್ದ ಇಲ್ಲ" ಎಂದ ಖಾಸಿಂಸಾಬ್.

"ಬರ್ತಾವ ಬಿಡೋ, ಆಮ್ಯಾಲ ಹಚ್ಚಿದ್ರಾತು."

"ಮಾತಿನಾಗ ನಿಮ್ಮನ್ನ ಯಾರ್ ಗೆಲ್ತಾರ್ರಿ! ಏಣಿ ಹತ್ತಾಕ ಬಂದಿದ್ರ ಇನ್ನೂ ಛಲೋ ಇತ್ತು."

ರಾಯಚೂರಿನ ಅಧಿಕಾರಿಗಳು ಆ ತಿಂಗಳ ಪಟ್ಟಿಯಲ್ಲಿ 'ಪೂರ್ಣ' ಎಂದು ಬರೆಯಲು ಹೇಳಿದರು. ಬರೆದೆ.

ಶ್ರಾವಣದ ಒಂದು ಮಧ್ಯಾಹ್ನ ಹನುಮವ್ವ ನೀರು ಕಾಯಿಸಿ ಸೊಸೆಗೆ ಎರೆದಳು. ಗಾಳಿ ತಾಗದಿರಲೆಂದು ಒಲೆಯ ಕೋಣೆಯಲ್ಲೇ ಅವಳನ್ನು ಮಲಗಿಸಿ, ಕೂಸನ್ನು ಪಡಸಾಲೆಗೆ ಒಯ್ದು ಬಾಗಿಲು ಎಳೆದುಕೊಂಡಳು. ಒಲೆಯ ತುಂಬ ಕೆಂಡ. ಮಳೆ ಶುರುವಾಯಿತು. ಮಾಳಿಗೆ ಹತ್ತಿ, ಹಸಿ ಮಣ್ಣಿನಲ್ಲಿ ಅಂಚು ಊರುವಂತೆ ಕೊಳವೆಯ ಮೇಲೆ ಗಡಿಗೆ ಬೋರಲು ಹಾಕಿ ಇಳಿದಳು. ಕೂಸು ಹಾಲಿಗೆ ಅತ್ತಾಗ ಬಾಗಿಲು ತೆರೆದರೆ, ಕೋಣೆಯಲ್ಲಿ ಹೊಗೆ ಇರಲಿಲ್ಲ. ಮಲ್ಲಮ್ಮನಿಗೆ ಉಸಿರೂ ಇರಲಿಲ್ಲ.

ಮರುದಿನ ನಾನು ಹೋದಾಗ ಮಲ್ಲಮ್ಮನ ಅಣ್ಣ ಅಂಗಳದಲ್ಲಿ ಕೂಗುತ್ತಿದ್ದ: "ಹೆಣ್ಣು ಹಡದ್ಲಂತ ಮುದುಕಿ ಬೇಕಂತನ ಮುಚ್ಯಾಳ್ರಿ! ಜೇಲಿಗೆ ಹಾಕಸ್ತೀನಿ ಈಕಿನ್ನ!"

ಹನುಮವ್ವ ಅವನತ್ತ ತಿರುಗಲಿಲ್ಲ. ಕೂಸನ್ನು ಎದೆಗೊತ್ತಿಕೊಂಡು ನನಗೆ ಹೇಳಿದಳು: "ಯಪ್ಪಾ, ಹೊಗಿ ತುಂಬಿದ್ರ ಕೆಮ್ಮಿ ಎದ್ದು ಬರ್ತಿದ್ಲಲ್ಲ? ಮಳಿ ಬಂದ್ರ ಗಡಿಗಿ ಮುಚ್ಚೂದು ನಮಗೇನ್ ಹೊಸಾದಾ? ಮುಚ್ಚಬ್ಯಾಡ ಅಂತ ಯಾರರ ಒಂದು ಮಾತು ಹೇಳಿದ್ರೇನು?"

ಯಾರೂ ಹೇಳಿರಲಿಲ್ಲ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ಕೆಮ್ಮಿಸಿ ಎಬ್ಬಿಸುವುದಿಲ್ಲ. ಮೊದಲು ಗಡಿಗೆ ಮುಚ್ಚಿದರೂ ಬೆಳಕಿಂಡಿಯ ಸಂದಿಗಳಲ್ಲಿ ಒಂದಿಷ್ಟಾದರೂ ಗಾಳಿ ಆಡುತ್ತಿತ್ತು. ಅವಕ್ಕೆ ಮಣ್ಣು ಮೆತ್ತಿಸಿದವರು ನಾವು. ಇದನ್ನು ಅಣ್ಣನೆದುರು ಹೇಳಿದೆ. ಅವನು ನಂಬಲಿಲ್ಲ.

ಕೊಳವೆಯ ತುದಿಯನ್ನು ಕಣ್ಣಾರೆ ಕಾಣದೆ, ಮಳೆ ಬಂದರೆ ಈ ಮನೆಯವರು ಏನು ಮಾಡುತ್ತಾರೆಂದು ಕೇಳದೆ, ಒಲೆಗೆ ಬೆಂಕಿ ಹಾಕಿಸಬಾರದು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಒಂದು ಜೀವ ಹೋದ ಮೇಲೆ.

ಪೊಲೀಸರು ಹನುಮವ್ವನನ್ನು ದೇವದುರ್ಗಕ್ಕೆ ಕರೆಸಿದ ದಿನ ನಾನು ರಾಯಚೂರಿನ ಕಚೇರಿಯಲ್ಲಿದ್ದೆ. ಅಧಿಕಾರಿಗಳು 'ಮನೆಯವರ ಅಜ್ಞಾನ' ಎಂದು ವರದಿ ಬರೆದು, ಸಹಿಗಾಗಿ ನನ್ನತ್ತ ತಳ್ಳಿದರು. ನಾನು ಪೆನ್ನು ಮುಟ್ಟಲಿಲ್ಲ.

"ಸರ್, ಅರ್ಧಾ ಪೈಪಿಗೆ 'ಪೂರ್ಣ' ಅಂತ ನೀವು ಬರಿ ಅಂದ್ರಿ, ನಾ ಬರದೆ. ಮಳಿ ಬಂದಾಗ ಆಕಿ ಏನು ಮಾಡಬೇಕಿತ್ತು, ಹೇಳ್ರಿ?"