ಟ್ಯಾಂಕರ್ ಹಿಂದಕ್ಕೆ ತೆಗೆದದ್ದು

ನಾನು ಓಡಿಸುವುದು ನೀರಿನ ಟ್ಯಾಂಕರ್. ಅಂದರೆ ಲಾರಿಯಲ್ಲ, ಟ್ರ್ಯಾಕ್ಟರಿನ ಹಿಂದೆ ಕೊಂಡಿ ಹಾಕಿ ಎಳೆಯುವಂಥದ್ದು. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಹಿಂದಕ್ಕೆ ತೆಗೆಯುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ಯಾಂಕರ್ ಬಲಕ್ಕೆ ಹೋಗುತ್ತದೆ. ಕಾರು ಓಡಿಸುವವರು ಇದನ್ನು ನಂಬುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಟ್ಟೂರಿನ ಒಂದು ಸಂದಿಗೆ ಹೋದೆ. ಕೊನೆಯ ಮನೆಯಲ್ಲಿ ಹಸುಗೂಸಿತ್ತು, ಬೆಳಗಿನಿಂದ ನಲ್ಲಿಯಲ್ಲಿ ಹನಿ ನೀರಿರಲಿಲ್ಲ. ಸಂದಿಯೊಳಗೆ ತಿರುಗಿಸಲು ಜಾಗವಿಲ್ಲದ್ದರಿಂದ ಹಿಮ್ಮುಖವಾಗಿಯೇ ಹೋಗಬೇಕಿತ್ತು. ಅಕ್ಕಪಕ್ಕದವರೆಲ್ಲ ಹೊರಗೆ ಬಂದರು.

"ಲೆಫ್ಟ್ ಕಟ್ ಮಾಡು ಗುರು!"

"ಏಯ್, ರೈಟು, ರೈಟು!"

"ಬರ್ಲಿ, ಬರ್ಲಿ... ಹೋ, ನಿಲ್ಸು!"

ಎಲ್ಲರ ಮಾತೂ ಕೇಳಿದ್ದರಿಂದ ಟ್ಯಾಂಕರ್ ಅಡ್ಡಡ್ಡ ನಿಂತಿತು. ಮತ್ತೊಮ್ಮೆ ಪ್ರಯತ್ನಿಸಿದಾಗಲೂ ಹಾಗೇ ಆಯಿತು. ವಾಪಸ್ ಹೋಗಿಬಿಡೋಣ ಅನ್ನಿಸಿತು.

ಮಗುವಿನ ಅಜ್ಜಿ ಹತ್ತಿರ ಬಂದರು. "ಯಾಕಪ್ಪಾ, ನಿಲ್ಲಿಸ್ಬಿಟ್ಟೆ?"

"ಹೊಸಬ ಅಮ್ಮಾ. ನಿಮ್ಮ ಗೋಡೆಗೆ ಹೊಡೆದ್ರೆ?"

"ಗೋಡೆ ಹೋದ್ರೆ ಕಟ್ಟಿಸ್ಕೋತೀವಿ. ಮಗೂಗೆ ನೀರು ಹಾಕ್ಬೇಕು, ನಿಧಾನವಾಗಿ ಬಾ" ಎಂದವರೇ ಗುಂಪಿನ ಕಡೆ ತಿರುಗಿ, "ಸ್ವಲ್ಪ ಬಾಯ್ ಮುಚ್ಕೊಳ್ರೋ ಎಲ್ಲಾ!" ಅಂದರು.

ಸಂದಿ ಸುಮ್ಮನಾಯಿತು. ನಾನು ಸ್ಟೀರಿಂಗನ್ನು ಸ್ವಲ್ಪಸ್ವಲ್ಪವೇ ತಿರುಗಿಸಿದೆ. ಟ್ಯಾಂಕರ್ ಓರೆಯಾದ ಕೂಡಲೇ ಮುಂದಕ್ಕೆಳೆದು ನೇರ ಮಾಡಿಕೊಂಡು, ಮತ್ತೆ ಹಿಂದಕ್ಕೆ ಬಿಟ್ಟೆ. ಅಜ್ಜಿಯ ಗೇಟು ತಲುಪಿದಾಗ ಗೋಡೆಗೆ ಒಂದು ಗೀರೂ ಬಿದ್ದಿರಲಿಲ್ಲ.

ನೆಲದೊಳಗಿನ ಸಂಪ್‌ಗೆ ನೀರು ಬೀಳುತ್ತಿರುವಾಗ ಬೆನ್ನ ಹಿಂದೆ ಒಬ್ಬರು, "ನೋಡಿದ್ರಾ, ನಾನ್ ಹೇಳ್ದಂಗೇ ತಂದ" ಎನ್ನುತ್ತಿದ್ದರು. ಪಕ್ಕದವರು ಒಪ್ಪಲಿಲ್ಲ. ಹೇಳಿಕೊಟ್ಟಿದ್ದು ತಾವೇ ಅಂತೆ.